ಹೊಸ ಮನೆಗೆ ಏಪ್ರಿಲ್ ನೋಟಿಸ್ ಬಂದಿದೆ: ಟೆಕ್ಸಸ್ ಪ್ರಾಪರ್ಟಿ ಟ್ಯಾಕ್ಸ್, ಹೋಮ್‌ಸ್ಟೆಡ್, ಎಸ್ಕ್ರೋ ಬಗ್ಗೆ ಗೊತ್ತಿರುವವರು ಹೇಳಿ

ಸೆಲೀನಾ ಹೊಸಮನೆ

ಎಲ್ಲರಿಗೂ ನಮಸ್ಕಾರ. 2025ರ ಜೂನ್‌ನಲ್ಲಿ ಡಲ್ಲಾಸ್ ಹತ್ತಿರದ ಸೆಲೀನಾದಲ್ಲಿ ಬಿಲ್ಡರ್ ಹತ್ತಿರ ಹೊಸ ಮನೆ ಕೊಂಡೆವು. ಮೊದಲ ವರ್ಷದ ಟ್ಯಾಕ್ಸ್ ಬಿಲ್ ತುಂಬ ಕಡಿಮೆ ಇತ್ತು. ಸುಮಾರು 1,10,000 ಡಾಲರ್ ಬೆಲೆಯ ಮೇಲೆ ಹಾಕಿದ್ದರು. ಈಗ ಅಪ್ರೈಸಲ್ ಡಿಸ್ಟ್ರಿಕ್ಟ್‌ನಿಂದ (ಆಸ್ತಿಗೆ ಬೆಲೆ ಕಟ್ಟುವ ಕಚೇರಿ) 2026ರ ನೋಟಿಸ್ ಬಂದಿದೆ. ಅದರಲ್ಲಿ ಬೆಲೆ 5,20,000!

ಟೆಕ್ಸಸ್‌ನಲ್ಲಿ ವರ್ಷಕ್ಕೆ 10 ಪರ್ಸೆಂಟ್‌ಗಿಂತ ಜಾಸ್ತಿ ಏರಿಸುವ ಹಾಗಿಲ್ಲ ಎಂದು ಕೇಳಿದ್ದೆ. ಹಾಗಾದರೆ ಇದು ಹೇಗೆ? ಇನ್ನೊಂದು ವಿಷಯ. ನಾವಿಬ್ಬರೂ ಎಚ್-1ಬಿ. ನಮ್ಮಂಥವರಿಗೆ ಹೋಮ್‌ಸ್ಟೆಡ್ ರಿಯಾಯಿತಿ (ಸ್ವಂತ ವಾಸದ ಮನೆಗೆ ತೆರಿಗೆಯಲ್ಲಿ ಕೊಡುವ ರಿಯಾಯಿತಿ) ಸಿಗುವುದಿಲ್ಲ ಎಂದು ಆಫೀಸಿನಲ್ಲಿ ಒಬ್ಬರು ಹೇಳಿದರು. ಹಾಗಾಗಿ ಇನ್ನೂ ಅರ್ಜಿ ಹಾಕಿಲ್ಲ. ಇದು ನಿಜವಾ?

ಪ್ಲೇನೋ ಹಳಬ

ಮೊದಲು ವೀಸಾ ವಿಷಯ ಮುಗಿಸುತ್ತೇನೆ. ಈ ತಪ್ಪು ಮಾತು ನಮ್ಮವರಲ್ಲಿ ತುಂಬ ಓಡಾಡುತ್ತಿದೆ, ಇದರಿಂದ ಎಷ್ಟೋ ಮನೆಗಳು ಸುಮ್ನೆ ದುಡ್ಡು ಕಳೆದುಕೊಳ್ಳುತ್ತಿವೆ. ಟೆಕ್ಸಸ್‌ನಲ್ಲಿ ಹೋಮ್‌ಸ್ಟೆಡ್ ರಿಯಾಯಿತಿಗೆ ಪೌರತ್ವ ಬೇಕಿಲ್ಲ, ಗ್ರೀನ್ ಕಾರ್ಡೂ ಬೇಕಿಲ್ಲ. ಮನೆ ನಿಮ್ಮ ಹೆಸರಲ್ಲಿರಬೇಕು, ನೀವು ವಾಸಿಸುವ ಮುಖ್ಯ ಮನೆ ಅದೇ ಆಗಿರಬೇಕು. ಡ್ರೈವರ್ ಲೈಸೆನ್ಸ್ ಮೇಲಿನ ವಿಳಾಸ ಆ ಮನೆಯದ್ದೇ ಇರಬೇಕು. ಎಚ್-1ಬಿಯವರ ಲೈಸೆನ್ಸ್‌ಗೆ ವೀಸಾ ಅವಧಿಯ ಮಿತಿ ಇರುತ್ತದೆ, ಅದರಿಂದ ತೊಂದರೆ ಇಲ್ಲ. ಮೊದಲು ಲೈಸೆನ್ಸ್ ವಿಳಾಸ ಬದಲಾಯಿಸಿ, ಆಮೇಲೆ ಅರ್ಜಿ ಹಾಕಿ. ಈ ಒಂದು ಕಾರಣಕ್ಕೇ ಬಹಳ ಅರ್ಜಿಗಳು ವಾಪಸ್ ಬರುತ್ತವೆ.

ಫಾರ್ಮ್ ನಂಬರ್ 50-114. ನಿಮ್ಮ ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟ್ ವೆಬ್‌ಸೈಟಿನಲ್ಲಿ ಸಿಗುತ್ತದೆ. ಒಂದು ಪೈಸೆ ಕೊಡಬೇಕಾಗಿಲ್ಲ. ಈ ವರ್ಷಕ್ಕೆ ಕೊನೆಯ ದಿನ ಏಪ್ರಿಲ್ 30. ಅದು ದಾಟಿದರೂ ಬಾಗಿಲು ಮುಚ್ಚುವುದಿಲ್ಲ. ಆ ವರ್ಷದ ತೆರಿಗೆ ಕಟ್ಟುವ ಗಡುವು ಮುಗಿದ ಮೇಲೂ ಎರಡು ವರ್ಷದ ತನಕ ಅರ್ಜಿ ಹಾಕಬಹುದು, ಹೆಚ್ಚು ಕಟ್ಟಿದ್ದರೆ ವಾಪಸ್ ಬರುತ್ತದೆ.

ಹಾಗಾಗಿ 2025ಕ್ಕೂ ಸೇರಿಸಿಯೇ ಕೇಳಿ. ಮೊದಲು ಜನವರಿ 1ಕ್ಕೆ ಮನೆ ನಿಮ್ಮದಾಗಿದ್ದರೆ ಮಾತ್ರ ಆ ವರ್ಷದ ರಿಯಾಯಿತಿ ಸಿಗುತ್ತಿತ್ತು. 2022ರಿಂದ ಕಾನೂನು ಬದಲಾಗಿದೆ. ವರ್ಷದ ನಡುವೆ ಕೊಂಡರೂ ಉಳಿದ ತಿಂಗಳುಗಳ ಪಾಲಿನಷ್ಟು ಸಿಗುತ್ತದೆ. ಹಿಂದಿನ ಮಾಲೀಕರು ಅದೇ ವರ್ಷ ಅದೇ ರಿಯಾಯಿತಿ ತಗೊಂಡಿರಬಾರದು, ಅಷ್ಟೇ. ನಿಮ್ಮ ಹಿಂದಿನ ಮಾಲೀಕ ಬಿಲ್ಡರ್ ತಾನೇ.

ಈಗ 1,10,000 ಹೇಗೆ 5,20,000 ಆಯಿತು ಎಂಬುದು. ಟೆಕ್ಸಸ್‌ನಲ್ಲಿ ಪ್ರತಿ ವರ್ಷ ಜನವರಿ 1ರಂದು ಆಸ್ತಿ ಹೇಗಿತ್ತೋ ಹಾಗೆ ಬೆಲೆ ಕಟ್ಟುತ್ತಾರೆ. 2025ರ ಜನವರಿ 1ಕ್ಕೆ ನಿಮ್ಮದು ಖಾಲಿ ಸೈಟು, ಇಲ್ಲವೇ ಬರೀ ಅಡಿಪಾಯ. ಅದಕ್ಕೇ ಆ ಬಿಲ್ ಚಿಕ್ಕದು. 2026ರ ಜನವರಿ 1ಕ್ಕೆ ಪೂರ್ತಿ ಮನೆ ನಿಂತಿದೆ.

10 ಪರ್ಸೆಂಟ್ ಮಿತಿ ಇರುವುದು ನಿಜ, ಆದರೆ ಅದು ನಿಮಗೆ ಇನ್ನೂ ಶುರುವಾಗಿಲ್ಲ. ಹೋಮ್‌ಸ್ಟೆಡ್ ಮಾಲೀಕರಾಗಿ ನೀವು ಆ ಮನೆಯಲ್ಲಿ ದಾಟುವ ಮೊದಲ ಜನವರಿ 1 ಯಾವ ವರ್ಷದ್ದೋ, ಅದರ ಮುಂದಿನ ವರ್ಷದಿಂದ ಮಿತಿ ಜಾರಿಗೆ ಬರುತ್ತದೆ. ನಿಮಗೆ ಅದು 2027. ಅಂದರೆ 2026ರಲ್ಲಿ ನಿಲ್ಲುವ ಬೆಲೆಯೇ ಮುಂದಿನ ವರ್ಷಗಳ ಬುನಾದಿ. ಹೊಸದಾಗಿ ಕಟ್ಟಿದ ಭಾಗಕ್ಕೆ ಈ ಮಿತಿ ಯಾವತ್ತೂ ಅನ್ವಯಿಸುವುದಿಲ್ಲ. ಮುಂದೆ ಈಜುಕೊಳ ಅಥವಾ ಇನ್ನೊಂದು ಕೋಣೆ ಕಟ್ಟಿಸಿದರೆ ಅದರ ಬೆಲೆ ಪೂರ್ತಿಯಾಗಿ ಸೇರುತ್ತದೆ.

ಕೇಟಿ ಮನೆಯವರು

ಹ್ಯೂಸ್ಟನ್ ಕಡೆಯಿಂದ ಒಂದು ಮಾತು. ಹೊಸ ಮನೆ ಕೊಳ್ಳುವವರು ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಇದರಲ್ಲಿ ನಿಜವಾಗಿ ಪೆಟ್ಟು ಕೊಡುವುದು ಎಸ್ಕ್ರೋ.

ಸಾಲ ಕೊಟ್ಟ ಕಂಪನಿ ಪ್ರತಿ ತಿಂಗಳು ಕಂತಿನ ಜೊತೆ ತೆರಿಗೆ ಮತ್ತು ಇನ್ಶೂರೆನ್ಸ್ ದುಡ್ಡನ್ನೂ ತಗೊಂಡು ಎತ್ತಿಟ್ಟಿರುತ್ತದೆ. ಎಷ್ಟು ಎಂದು ಅಂದಾಜು ಮಾಡುವಾಗ ಬಹಳ ಸಲ ಹಿಂದಿನ ಬಿಲ್ ನೋಡುತ್ತಾರೆ. ಹೊಸ ಮನೆಗೆ ಹಿಂದಿನ ಬಿಲ್ ಎಂದರೆ ಖಾಲಿ ಸೈಟಿನ ಬಿಲ್. ಒಂದು ಉದಾಹರಣೆ ಕೊಡುತ್ತೇನೆ. ದರಗಳು ಲೆಕ್ಕ ತೋರಿಸಲು ನಾನೇ ಹಾಕಿಕೊಂಡವು, ನಿಮ್ಮ ಊರಿನ ದರ ನೀವೇ ನೋಡಿಕೊಳ್ಳಿ. 100 ಡಾಲರ್ ಬೆಲೆಗೆ ಶಾಲೆಗೆ 1.20, ನಗರಕ್ಕೆ 0.60, ಕೌಂಟಿಗೆ 0.15, ಕಾಲೇಜಿಗೆ 0.08 ಎಂದಿಟ್ಟುಕೊಳ್ಳಿ. ಒಟ್ಟು 2.03. ಸೈಟಿನ 1,10,000ಕ್ಕೆ ತೆರಿಗೆ 2,233 ಡಾಲರ್.

ಈಗ 5,20,000ದ ಮನೆ, ಹೋಮ್‌ಸ್ಟೆಡ್ ಸಿಕ್ಕಿದೆ. ಶಾಲೆಯ ಲೆಕ್ಕದಲ್ಲಿ ಆ ರಿಯಾಯಿತಿಯ 1,40,000 ಕಳೆದು 3,80,000 ಉಳಿಯುತ್ತದೆ. ಅದಕ್ಕೆ 4,560. ನಗರ ಏನೂ ರಿಯಾಯಿತಿ ಕೊಡುವುದಿಲ್ಲ ಎಂದುಕೊಂಡರೆ 3,120. ಕೌಂಟಿ 5 ಪರ್ಸೆಂಟ್ ಬಿಟ್ಟರೆ 741. ಕಾಲೇಜಿಗೆ 416. ಒಟ್ಟು 8,837. ಹೋಮ್‌ಸ್ಟೆಡ್ ಹಾಕದೇ ಇದ್ದರೆ ಶಾಲೆಯ ಪಾಲೇ 6,240 ಆಗುತ್ತಿತ್ತು. ಒಂದು ಫಾರ್ಮ್‌ಗೆ ಆ ಸಾಲಿನಲ್ಲಿ 1,680 ಡಾಲರ್ ವ್ಯತ್ಯಾಸ.

ಎಸ್ಕ್ರೋದಲ್ಲಿ ಇರುವುದು 2,233ರ ಲೆಕ್ಕದ ದುಡ್ಡು. ಬಂದ ಬಿಲ್ 8,837. ಕಂಪನಿ ಮೊದಲು ಬಿಲ್ ಕಟ್ಟುತ್ತದೆ, ಆಮೇಲೆ 6,604 ಡಾಲರ್ ಕೊರತೆ ಎಂದು ಪತ್ರ ಕಳಿಸುತ್ತದೆ. ಕೊರತೆಯನ್ನು 12 ತಿಂಗಳಿಗೆ ಹಂಚಿದರೆ ತಿಂಗಳಿಗೆ 550. ಮುಂದಿನ ವರ್ಷದ ಬಿಲ್ಲಿಗೂ ಈಗಿನಿಂದಲೇ ಕೂಡಿಡಬೇಕು, ಅದಕ್ಕೆ ಇನ್ನೊಂದು 550. ಕಾನೂನು ಎರಡು ತಿಂಗಳಷ್ಟು ಮುಂಗಡ ಇಟ್ಟುಕೊಳ್ಳಲೂ ಬಿಡುತ್ತದೆ. ಹಾಗಾಗಿ ತಿಂಗಳ ಕಂತು ಇದ್ದಕ್ಕಿದ್ದಂತೆ 1,100ಕ್ಕಿಂತ ಹೆಚ್ಚು ಏರುತ್ತದೆ. ಫಿಕ್ಸೆಡ್ ಬಡ್ಡಿಯ ಸಾಲ, ಕಂತು ಹೇಗೆ ಏರಿತು ಎಂದು ಜನ ಗಾಬರಿಯಾಗುವುದು ಇಲ್ಲಿಯೇ. ಮಗುವಿನ ಡೇಕೇರ್, ಕಾರಿನ ಕಂತು ಎಲ್ಲ ಲೆಕ್ಕ ಹಾಕಿ ಮನೆ ಕೊಂಡ ಕುಟುಂಬಕ್ಕೆ ಇದು ಸಣ್ಣ ವಿಷಯ ಅಲ್ಲ.

ಸೆಲೀನಾದವರೇ, ನಿಮಗೆ ಇನ್ನೂ ಸಮಯ ಇದೆ. 2026ರ ಬಿಲ್ ಬರುವುದು ಅಕ್ಟೋಬರ್ ಹೊತ್ತಿಗೆ, ಕಟ್ಟಲು 2027ರ ಜನವರಿ 31ರ ತನಕ ಗಡುವು. ಈಗಿನಿಂದಲೇ ಸಾಲದ ಕಂಪನಿಗೆ ಫೋನ್ ಮಾಡಿ ಎಸ್ಕ್ರೋ ಹೆಚ್ಚಿಸಲು ಹೇಳಿ. ಅವರು ಒಪ್ಪದಿದ್ದರೆ ಪ್ರತಿ ತಿಂಗಳು ನೀವೇ ಬೇರೆ ಖಾತೆಯಲ್ಲಿ ಎತ್ತಿಡಿ.

ಸೆಲೀನಾ ಹೊಸಮನೆ

ತುಂಬ ಥ್ಯಾಂಕ್ಸ್. ಎಸ್ಕ್ರೋ ವಿಷಯ ಕ್ಲೋಸಿಂಗ್ (ಮನೆ ನಮ್ಮ ಹೆಸರಿಗೆ ಆಗುವ) ಹೊತ್ತಿಗೆ ಯಾರೂ ಹೇಳಿರಲಿಲ್ಲ. ಬಿಲ್ಲಿನಲ್ಲಿ ಪಿಐಡಿ ಎಂದು ಇನ್ನೊಂದು ಸಾಲೂ ಇದೆ. ಹೋಮ್‌ಸ್ಟೆಡ್ ಹಾಕಿದರೆ ಅದೂ ಕಡಿಮೆ ಆಗುತ್ತದಾ?

ಪ್ಲೇನೋ ಹಳಬ

ಇಲ್ಲ. ಪಿಐಡಿ ಎಂದರೆ ನಿಮ್ಮ ಬಡಾವಣೆಯ ರಸ್ತೆ, ನೀರು, ಚರಂಡಿಗೆ ಮಾಡಿದ ಖರ್ಚನ್ನು ಅಲ್ಲಿನ ಮನೆಗಳ ಮೇಲೆ ಹಂಚಿ ಹಾಕುವ ಶುಲ್ಕ. ಹೋಮ್‌ಸ್ಟೆಡ್ ಅದನ್ನು ಮುಟ್ಟುವುದಿಲ್ಲ. ಹ್ಯೂಸ್ಟನ್ ಸುತ್ತ ಜಾಸ್ತಿ ಕಾಣುವ ಮಡ್ (ನೀರು, ಚರಂಡಿ ಒದಗಿಸುವ ಸ್ಥಳೀಯ ಸಂಸ್ಥೆ) ಬೇರೆ, ಅದು ಮನೆ ಬೆಲೆಯ ಮೇಲೆ ತೆರಿಗೆ ಹಾಕುತ್ತದೆ. ಮನೆ ಹುಡುಕುತ್ತಿರುವವರು ಎರಡು ಬಡಾವಣೆ ಹೋಲಿಸುವಾಗ ಮನೆ ಬೆಲೆ ಒಂದನ್ನೇ ನೋಡಬೇಡಿ, ಈ ಎರಡು ಸಾಲು ಇವೆಯಾ ಎಂದು ಮೊದಲು ಕೇಳಿ.

ಆಸ್ಟಿನ್ ಕನ್ನಡತಿ

ಪ್ರೊಟೆಸ್ಟ್ ಬಗ್ಗೆ ಯಾರೂ ಹೇಳಲಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. ನೋಟಿಸ್‌ನಲ್ಲಿ ಇರುವ ಬೆಲೆ ಅಂತಿಮ ಅಲ್ಲ. ಮೇ 15, ಅಥವಾ ನೋಟಿಸ್ ಕಳಿಸಿದ ದಿನದಿಂದ 30 ದಿನ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯ ತನಕ ಆಕ್ಷೇಪಣೆ ಸಲ್ಲಿಸಬಹುದು. ಬಹಳ ಕೌಂಟಿಗಳಲ್ಲಿ ಆನ್‌ಲೈನ್ ಆಗುತ್ತದೆ. ಕಾಗದದಲ್ಲಿ ಕೊಡುವುದಾದರೆ ಫಾರ್ಮ್ 50-132.

ಎರಡು ಕಾರಣಕ್ಕೂ ಟಿಕ್ ಹಾಕಿ. ಒಂದು, ಮಾರುಕಟ್ಟೆ ಬೆಲೆಗಿಂತ ಜಾಸ್ತಿ ಕಟ್ಟಿದ್ದಾರೆ. ಇನ್ನೊಂದು, ಅಕ್ಕಪಕ್ಕದ ಅಂಥದ್ದೇ ಮನೆಗಳಿಗಿಂತ ಜಾಸ್ತಿ ಕಟ್ಟಿದ್ದಾರೆ. ಈ ಎರಡನೆಯದು ಬಹಳ ಬಲವಾದ ವಾದ. ಯಾಕೆಂದರೆ ಟೆಕ್ಸಸ್‌ನಲ್ಲಿ ಮನೆ ಎಷ್ಟಕ್ಕೆ ಮಾರಾಟವಾಯಿತು ಎಂಬುದನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮ ಇಲ್ಲ. ಮಾರಾಟದ ಬೆಲೆ ಸಿಗುವುದು ಕಷ್ಟ. ಆದರೆ ಪಕ್ಕದ ಮನೆಗಳಿಗೆ ಎಷ್ಟು ಕಟ್ಟಿದ್ದಾರೆ ಎಂಬುದು ಅಪ್ರೈಸಲ್ ಡಿಸ್ಟ್ರಿಕ್ಟ್ ಸೈಟಿನಲ್ಲಿ ಎಲ್ಲರಿಗೂ ಕಾಣುತ್ತದೆ. ಅದೇ ಅಳತೆ, ಅದೇ ವಯಸ್ಸಿನ ಮನೆಗಳನ್ನು ಹುಡುಕಿ ಚದರಡಿಗೆ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದಿಡಿ.

ನೀವು ಇತ್ತೀಚೆಗೆ ಕೊಂಡವರು. ಕೊಂಡ ಬೆಲೆ ನೋಟಿಸ್ ಬೆಲೆಗಿಂತ ಕಡಿಮೆ ಇದ್ದರೆ ಕ್ಲೋಸಿಂಗ್ ಪತ್ರವೇ ಒಳ್ಳೆಯ ಸಾಕ್ಷಿ. ಕೊಂಡ ಬೆಲೆ ಜಾಸ್ತಿ ಇದ್ದರೆ ಅದನ್ನು ತೋರಿಸಲೇಬೇಕೆಂದಿಲ್ಲ, ಅಕ್ಕಪಕ್ಕದ ಮನೆಗಳ ವಾದವನ್ನೇ ಮಾಡಿ. ಹಳೆ ಮನೆಯವರು ಅಡಿಪಾಯದ ಬಿರುಕು, ಸೋರುವ ಛಾವಣಿ ಇದ್ದರೆ ಫೋಟೋ ಮತ್ತು ರಿಪೇರಿಯವರ ಅಂದಾಜು ಪಟ್ಟಿ ಎರಡನ್ನೂ ಕೊಡಿ. ಬರೀ ಫೋಟೋ ಕೊಟ್ಟರೆ ಖರ್ಚು ಎಷ್ಟು ಎಂಬುದು ಅವರಿಗೆ ತಿಳಿಯುವುದಿಲ್ಲ. ಅವರ ಹತ್ತಿರ ಇರುವ ಸಾಕ್ಷಿಯನ್ನೂ ಕೇಳಿ ತಗೊಳ್ಳಿ. ವಿಚಾರಣೆಗೆ 14 ದಿನ ಮೊದಲೇ ಅದನ್ನು ನಿಮಗೆ ಕೊಡಬೇಕು.

ಬಹಳಷ್ಟು ಪ್ರಕರಣಗಳು ಮೊದಲ ಮಾತುಕತೆಯಲ್ಲೇ ಮುಗಿಯುತ್ತವೆ. ಒಪ್ಪಿಗೆಯಾಗದಿದ್ದರೆ ಎಆರ್‌ಬಿ ಎಂಬ ಮಂಡಳಿಯ ಮುಂದೆ ಹೋಗಬೇಕು. ಅಲ್ಲಿ ಕೂರುವವರು ಸಾಮಾನ್ಯ ನಾಗರಿಕರೇ. ಫೋನ್ ಅಥವಾ ವಿಡಿಯೋದಲ್ಲೂ ಹಾಜರಾಗಬಹುದು. ಇಂಗ್ಲಿಷಿನಲ್ಲಿ ವಾದ ಮಾಡಬೇಕಲ್ಲ ಎಂದು ಹೆದರಬೇಡಿ, ಅಲ್ಲಿ ಹಾಳೆ ಮಾತಾಡುತ್ತದೆ. ಉಳಿತಾಯದಲ್ಲಿ ಪಾಲು ತಗೊಂಡು ಪ್ರೊಟೆಸ್ಟ್ ಮಾಡಿಕೊಡುವ ಕಂಪನಿಗಳೂ ಇವೆ. ಸಮಯವೇ ಇಲ್ಲದವರಿಗೆ ಅದು ಸರಿ. ಆದರೆ ಮೊದಲ ಸಲ ನೀವೇ ಮಾಡಿ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಮನೆ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ರೌಂಡ್ ರಾಕ್ ರೈತನ ಮಗ

ಒಂದು ಪ್ರಶ್ನೆ. ನನ್ನ ಮನೆಯ ಮಾರುಕಟ್ಟೆ ಬೆಲೆ ಕಳೆದ ವರ್ಷಕ್ಕಿಂತ ಕಡಿಮೆ ಎಂದು ನೋಟಿಸ್‌ನಲ್ಲೇ ಬರೆದಿದೆ. ಆದರೂ ತೆರಿಗೆ ಹಾಕುವ ಬೆಲೆ ಏರಿದೆ. ಇದು ಅನ್ಯಾಯ ಅಲ್ವಾ?

ಆಸ್ಟಿನ್ ಕನ್ನಡತಿ

ನೋಟಿಸ್‌ನಲ್ಲಿ ಎರಡು ಬೆಲೆ ಇರುತ್ತದೆ. ಮಾರುಕಟ್ಟೆ ಬೆಲೆ ಒಂದು, 10 ಪರ್ಸೆಂಟ್ ಮಿತಿ ಹಾಕಿದ ಬೆಲೆ ಇನ್ನೊಂದು. ಹಿಂದೆ ಮಾರುಕಟ್ಟೆ ಓಡಿದಾಗ ನಿಮ್ಮ ಮಿತಿಯ ಬೆಲೆ ಹಿಂದೆ ಉಳಿದಿತ್ತು. ಈಗ ಮಾರುಕಟ್ಟೆ ಸ್ವಲ್ಪ ಬಿದ್ದರೂ ಅದು ಮಿತಿಯ ಬೆಲೆಗಿಂತ ಮೇಲೇ ಇದೆ. ಹಾಗಾಗಿ ಕೆಳಗಿನದು ಏರುತ್ತಾ ಹೋಗುತ್ತದೆ, ಎರಡೂ ಸೇರುವ ತನಕ.

ಇದರಿಂದ ಇನ್ನೊಂದು ವಿಷಯ. ಮಾರುಕಟ್ಟೆ ಬೆಲೆ 7 ಲಕ್ಷ, ಮಿತಿಯ ಬೆಲೆ 5.5 ಲಕ್ಷ ಇದ್ದಾಗ, ಪ್ರೊಟೆಸ್ಟ್ ಮಾಡಿ 7ನ್ನು 6.5 ಮಾಡಿಸಿದರೂ ಈ ವರ್ಷದ ಬಿಲ್ ಒಂದು ಡಾಲರ್ ಕೂಡ ಇಳಿಯುವುದಿಲ್ಲ. ಅಂಥವರು ತಲೆ ಕೆಡಿಸಿಕೊಳ್ಳಬೇಕಿಲ್ಲ. ಎರಡು ಬೆಲೆಯೂ ಒಂದೇ ಇರುವವರು ಮಾತ್ರ ಖಂಡಿತ ಬಿಡಬಾರದು. ಸೆಲೀನಾದವರು ಆ ಗುಂಪಿನವರು.

ಪ್ಲೇನೋ ಹಳಬ

ಹಳೆ ಮನೆ ಕೊಳ್ಳುವವರಿಗೂ ಇದೇ ಎಚ್ಚರಿಕೆ. ಮನೆ ಮಾರುವ ಸೈಟುಗಳಲ್ಲಿ "ಕಳೆದ ವರ್ಷದ ತೆರಿಗೆ" ಎಂದು ತೋರಿಸುವುದು ಮಾರುವವರು ಕಟ್ಟಿದ ತೆರಿಗೆ. ಅವರಿಗೆ 10 ಪರ್ಸೆಂಟ್ ಮಿತಿ ಇರಬಹುದು, 65 ದಾಟಿದವರಾಗಿರಬಹುದು. ಮನೆ ನಿಮ್ಮ ಹೆಸರಿಗೆ ಬಂದ ಮುಂದಿನ ಜನವರಿಯಲ್ಲಿ ಆ ಮಿತಿ ಹೋಗುತ್ತದೆ, ಪೂರ್ತಿ ಮಾರುಕಟ್ಟೆ ಬೆಲೆ ಬರುತ್ತದೆ. ಇಂದಿನ ಬೆಲೆಯನ್ನು ಇಂದಿನ ದರದಿಂದ ನೀವೇ ಗುಣಿಸಿ ನೋಡಿ.

ಲಿಯಾಂಡರ್ ಅಜ್ಜಿ

65 ದಾಟಿದವರ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಕನ್ನಡ ಸಂಘದಲ್ಲಿ ನನ್ನ ವಯಸ್ಸಿನವರು ಬಹಳ ಜನ ಇದ್ದಾರೆ. ಅವರಲ್ಲಿ ಎಷ್ಟೋ ಮಂದಿಗೆ ಇದು ಗೊತ್ತಿಲ್ಲ.

ಶಾಲಾ ತೆರಿಗೆಯಲ್ಲಿ ಎಲ್ಲರಿಗೂ ಸಿಗುವ ರಿಯಾಯಿತಿ 2015ರಲ್ಲಿ 25,000 ಆಯಿತು. 2022ರಲ್ಲಿ 40,000, 2023ರಲ್ಲಿ 1,00,000 ಮಾಡಿದರು. 2025ರ ನವೆಂಬರ್‌ನಲ್ಲಿ ಮತದಾರರು ಒಪ್ಪಿ 1,40,000 ಆಯಿತು. 65 ದಾಟಿದವರಿಗೆ ಮತ್ತು ಅಂಗವಿಕಲರಿಗೆ ಇದರ ಮೇಲೆ 10,000 ಮಾತ್ರ ಇತ್ತು. ಅದನ್ನೂ ಅದೇ ಚುನಾವಣೆಯಲ್ಲಿ 60,000ಕ್ಕೆ ಏರಿಸಿದರು. ಅಂದರೆ ನಮ್ಮಂಥವರಿಗೆ ಶಾಲಾ ತೆರಿಗೆಯಲ್ಲಿ ಒಟ್ಟು 2,00,000.

ಇದಕ್ಕಿಂತ ದೊಡ್ಡದು ಇನ್ನೊಂದು ಇದೆ. 65 ಆದ ವರ್ಷದಲ್ಲಿ ಶಾಲಾ ತೆರಿಗೆಗೆ ಒಂದು ಮೇಲ್ಮಿತಿ ಬೀಳುತ್ತದೆ. ಮನೆಗೆ ಹೊಸದಾಗಿ ಏನೂ ಕಟ್ಟದಿದ್ದರೆ ಮುಂದೆ ಆ ಮೊತ್ತಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ಟೆಕ್ಸಸ್ ಒಳಗೆ ಬೇರೆ ಮನೆಗೆ ಹೋದರೆ ಆ ಲಾಭದ ಪ್ರಮಾಣ ಜೊತೆಗೇ ಬರುತ್ತದೆ. ಗಂಡನೋ ಹೆಂಡತಿಯೋ ತೀರಿಕೊಂಡರೆ, ಉಳಿದವರಿಗೆ 55 ದಾಟಿದ್ದರೆ, ಅದು ಅವರಿಗೆ ಮುಂದುವರಿಯುತ್ತದೆ.

ಪಿಂಚಣಿಯಲ್ಲಿ ಬದುಕುವವರಿಗೆ ತೆರಿಗೆ ಕಟ್ಟುವುದೇ ಕಷ್ಟವಾದರೆ, ಕಟ್ಟುವುದನ್ನು ಮುಂದಕ್ಕೆ ಹಾಕುವ ಹಕ್ಕೂ ಇದೆ. ವರ್ಷಕ್ಕೆ 5 ಪರ್ಸೆಂಟ್ ಬಡ್ಡಿ ಸೇರುತ್ತದೆ, ಮನೆಯ ಮೇಲೆ ಆ ಬಾಕಿ ಕೂತಿರುತ್ತದೆ, ಮನೆ ಮಾರಿದಾಗಲೋ ವಾರಸುದಾರರ ಕೈಗೆ ಹೋದಾಗಲೋ ತೀರಿಸಬೇಕು. ಸಾಲ ಇರುವ ಮನೆಯಾದರೆ ಮೊದಲು ಸಾಲದ ಕಂಪನಿಯನ್ನು ಕೇಳಿ. ಮಕ್ಕಳೊಂದಿಗೂ ಮಾತಾಡಿ. ಈ ಊರಲ್ಲಿ ಕಷ್ಟಪಟ್ಟು ಮನೆ ಮಾಡಿದವರು ತೆರಿಗೆಗೆ ಹೆದರಿ ಆ ಮನೆ ಮಾರುವ ಹಾಗೆ ಆಗಬಾರದು.

ಫ್ರಿಸ್ಕೋ ಜಯನಗರ

ಅಮ್ಮ, ನಿಮ್ಮ ಪೋಸ್ಟ್ ನೋಡಿ ಕೇಳುತ್ತಿದ್ದೇನೆ. ನಮ್ಮ ತಂದೆ ತಾಯಿ ವರ್ಷಕ್ಕೆ ಆರು ತಿಂಗಳು ಬಂದು ನಮ್ಮ ಜೊತೆ ಇರುತ್ತಾರೆ. ಅವರಿಗೆ 70 ದಾಟಿದೆ. ಅವರ ಹೆಸರಲ್ಲಿ ಈ ರಿಯಾಯಿತಿ ತಗೊಳ್ಳಬಹುದಾ? ಇನ್ನೊಂದು, ಅಪ್ಪನಿಗೆ ಆಪರೇಷನ್ ಇದೆ. ನಾವು ಒಂದು ವರ್ಷ ಬೆಂಗಳೂರಿಗೆ ಹೋಗಿ ಇರಬೇಕಾಗಬಹುದು. ಹೋಮ್‌ಸ್ಟೆಡ್ ಹೋಗಿಬಿಡುತ್ತದಾ?

ಪ್ಲೇನೋ ಹಳಬ

ಮೊದಲನೆಯದಕ್ಕೆ ಉತ್ತರ, ಇಲ್ಲ. ಆ ರಿಯಾಯಿತಿ ಮಾಲೀಕರಾಗಿದ್ದು ಆ ಮನೆಯನ್ನೇ ಮುಖ್ಯ ಮನೆ ಮಾಡಿಕೊಂಡವರಿಗೆ. ನೋಡಲು ಬಂದು ಹೋಗುವವರಿಗೆ ಅಲ್ಲ. ತೆರಿಗೆ ಉಳಿಸಲೆಂದೇ ಅಪ್ಪ ಅಮ್ಮನ ಹೆಸರನ್ನು ಮನೆ ಪತ್ರಕ್ಕೆ ಸೇರಿಸಬೇಡಿ. ಗಿಫ್ಟ್, ಸಾಲದ ಕರಾರು, ಮುಂದೆ ವಾರಸುದಾರಿಕೆ, ಎಲ್ಲ ಸಿಕ್ಕಾಗುತ್ತದೆ.

ಎರಡನೆಯದಕ್ಕೆ ಸಮಾಧಾನದ ಉತ್ತರ ಇದೆ. ನೀವು ಬೇರೆ ಮನೆಯನ್ನು ಮುಖ್ಯ ಮನೆ ಮಾಡಿಕೊಳ್ಳದೆ, ವಾಪಸ್ ಬರುವ ಉದ್ದೇಶ ಇಟ್ಟುಕೊಂಡು, ಎರಡು ವರ್ಷಕ್ಕಿಂತ ಕಡಿಮೆ ಕಾಲ ದೂರ ಇದ್ದರೆ ಹೋಮ್‌ಸ್ಟೆಡ್ ಉಳಿಯುತ್ತದೆ. ಆದರೆ ಇಡೀ ಮನೆಯನ್ನು ಬಾಡಿಗೆಗೆ ಕೊಡುವ ಯೋಚನೆ ಇದ್ದರೆ ಮೊದಲು ಅಪ್ರೈಸಲ್ ಡಿಸ್ಟ್ರಿಕ್ಟ್‌ಗೆ ಬರೆದು ಕೇಳಿ, ಉತ್ತರವನ್ನು ಜೋಪಾನ ಮಾಡಿ. ಈಗ ಅವರು ಐದು ವರ್ಷಕ್ಕೆ ಒಂದು ಸಲವಾದರೂ ಪ್ರತಿ ಹೋಮ್‌ಸ್ಟೆಡ್ ಸರಿ ಇದೆಯಾ ಎಂದು ಪರಿಶೀಲಿಸಬೇಕು. ನೀವು ಊರಲ್ಲಿಲ್ಲದಾಗ ಆ ಪತ್ರ ಬಂದರೆ ತೆಗೆದು ನೋಡಲು ಯಾರಿಗಾದರೂ ಹೇಳಿ ಹೋಗಿ. ಅಪ್ಪ ಬೇಗ ಹುಷಾರಾಗಲಿ.

ಫ್ರಿಸ್ಕೋ ಜಯನಗರ

ದೊಡ್ಡ ಉಪಕಾರ ಆಯಿತು. ಊರಲ್ಲಿ ಮನೆ ಇರುವವರಿಗೆ ನಾನೂ ಒಂದು ಮಾತು ಹೇಳುತ್ತೇನೆ. ಬೆಂಗಳೂರಿನಲ್ಲಿ ಮಾರುಕಟ್ಟೆ ಬೆಲೆ ಪ್ರತಿ ವರ್ಷ ಕಟ್ಟುವ ಪದ್ಧತಿ ಅಲ್ಲ. 2008ರಿಂದ ಬಂದ ಯೂನಿಟ್ ಏರಿಯಾ ಲೆಕ್ಕದಲ್ಲಿ ನಾವೇ ಘೋಷಿಸಿ ಕಟ್ಟುತ್ತೇವೆ. ಆ ಲೆಕ್ಕದಲ್ಲೂ ಸ್ವಂತ ವಾಸದ ಮನೆಗಿಂತ ಬಾಡಿಗೆ ಮನೆಯ ದರ ದುಪ್ಪಟ್ಟು ಇಟ್ಟಿದ್ದರು. ನಾವು ಇಲ್ಲಿದ್ದು ಅಲ್ಲಿನ ಮನೆ ಬಾಡಿಗೆಗೆ ಕೊಟ್ಟಿದ್ದರೆ ಬಾಡಿಗೆ ಎಂದೇ ಘೋಷಿಸಬೇಕು. ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದವರಿಗೆ 5 ಪರ್ಸೆಂಟ್ ರಿಯಾಯಿತಿ ಕೊಡುತ್ತಾ ಬಂದಿದ್ದಾರೆ.

ಟ್ಯಾಂಪಾ ಮೈಸೂರು

ಫ್ಲೋರಿಡಾದಲ್ಲಿ ಇರುವವರು ಇದನ್ನು ಓದಿ ಇಲ್ಲೂ ಹೀಗೇ ಎಂದುಕೊಳ್ಳಬೇಡಿ. ಇಲ್ಲಿ ಅರ್ಜಿಗೆ ಕೊನೆಯ ದಿನ ಮಾರ್ಚ್ 1. ಏರಿಕೆಯ ಮಿತಿ 3 ಪರ್ಸೆಂಟ್ ಅಥವಾ ಹಣದುಬ್ಬರ, ಯಾವುದು ಕಡಿಮೆಯೋ ಅದು. ಅದರಿಂದ ಆದ ಉಳಿತಾಯವನ್ನು ರಾಜ್ಯದೊಳಗೆ ಹೊಸ ಮನೆಗೂ ತಗೊಂಡು ಹೋಗಬಹುದು.

ವೀಸಾ ವಿಷಯದಲ್ಲಿ ಮಾತ್ರ ಇಲ್ಲಿ ಕಷ್ಟ. ತಾತ್ಕಾಲಿಕ ವೀಸಾದವರಿಗೆ ಹೋಮ್‌ಸ್ಟೆಡ್ ಸಿಗುವುದಿಲ್ಲ ಎಂದು ಇಲ್ಲಿನ ಒಂದು ಮೇಲ್ಮನವಿ ಕೋರ್ಟ್ 2006ರಲ್ಲಿ ಹೇಳಿದೆ. ಆದರೆ 2012ರಲ್ಲಿ ಇಲ್ಲಿನ ರಾಜ್ಯ ಸುಪ್ರೀಂ ಕೋರ್ಟ್ ಒಂದು ದಾರಿ ತೋರಿಸಿತು. ಅಮೆರಿಕದ ಪೌರರಾದ ಚಿಕ್ಕ ಮಕ್ಕಳು ಆ ಮನೆಯಲ್ಲೇ ಶಾಶ್ವತವಾಗಿ ವಾಸಿಸುತ್ತಿದ್ದರೆ, ಅವರ ಆಧಾರದ ಮೇಲೆ ತಂದೆ ತಾಯಿ ಕೇಳಬಹುದು. ಇಲ್ಲಿ ಹುಟ್ಟಿದ ಮಕ್ಕಳಿರುವ ಎಚ್-1ಬಿ ಕುಟುಂಬಗಳು ಇದನ್ನು ತಿಳಿದಿರಬೇಕು. ಸೆಲೀನಾದವರಿಗೆ ಅವರ ಆಫೀಸಿನವರು ಹೇಳಿದ್ದು ಬಹುಶಃ ಇಲ್ಲಿಯ ಕಥೆ ಇರಬೇಕು.

ಕೇಟಿ ಮನೆಯವರು

ಇನ್ನೊಂದು ಎಚ್ಚರಿಕೆ. ಮನೆ ಕೊಂಡ ಸ್ವಲ್ಪ ದಿನಕ್ಕೆ ಸರ್ಕಾರದ್ದೇ ಎನ್ನುವ ಹಾಗೆ ಕಾಣುವ ಪತ್ರಗಳು ಬರುತ್ತವೆ. ಹೋಮ್‌ಸ್ಟೆಡ್ ಮಾಡಿಸಿಕೊಡುತ್ತೇವೆ, ಇಷ್ಟು ಕೊಡಿ ಎಂದು. ಕೊಡಬೇಡಿ. ಅಪ್ರೈಸಲ್ ಡಿಸ್ಟ್ರಿಕ್ಟ್ ಇದಕ್ಕೆ ಶುಲ್ಕ ಕೇಳುವುದಿಲ್ಲ.

ಎಸ್ಕ್ರೋ ಇಲ್ಲದೆ ತಾವೇ ಕಟ್ಟುವವರು ಜನವರಿ 31 ಮರೆಯಬೇಡಿ. ಫೆಬ್ರವರಿ 1 ಆದ ಕೂಡಲೇ 6 ಪರ್ಸೆಂಟ್ ದಂಡ ಮತ್ತು 1 ಪರ್ಸೆಂಟ್ ಬಡ್ಡಿ. ಜುಲೈ ಹೊತ್ತಿಗೆ ದಂಡವೇ 12. ಬಿಲ್ ಕೈಗೆ ಬಂದಿಲ್ಲ ಎಂದರೆ ಸಾಮಾನ್ಯವಾಗಿ ಬಿಡುವುದಿಲ್ಲ.

ಸೆಲೀನಾ ಹೊಸಮನೆ

ಎಲ್ಲರಿಗೂ ಮನಸಾರೆ ಧನ್ಯವಾದ. ಲೈಸೆನ್ಸ್ ವಿಳಾಸ ಹೊಸ ಮನೆಯದ್ದೇ ಇದೆ, ಹಾಗಾಗಿ 50-114 ಆನ್‌ಲೈನ್‌ನಲ್ಲಿ ಇವತ್ತೇ ಹಾಕಿದೆ, 2025ಕ್ಕೂ ಸೇರಿಸಿ. ಪ್ರೊಟೆಸ್ಟ್‌ಗೆ ನಮ್ಮ ಬೀದಿಯ ಅದೇ ಪ್ಲಾನಿನ ಮನೆಗಳನ್ನು ಹುಡುಕುತ್ತಿದ್ದೇನೆ. ಒಂದು ಮನೆಗೆ ನಮಗಿಂತ ತುಂಬ ಕಡಿಮೆ ಕಟ್ಟಿದ್ದಾರೆ. ಅದನ್ನು ತೋರಿಸಿದರೆ ಆ ಮನೆಯವರಿಗೆ ತೊಂದರೆ ಆಗುತ್ತದಾ ಎಂಬ ಒಂದೇ ಅಳುಕು.

ಆಸ್ಟಿನ್ ಕನ್ನಡತಿ

ಅಳುಕಬೇಡಿ. ಅವರ ಬೆಲೆ ಏರಿಸಿ ಎಂದು ನೀವು ಕೇಳುತ್ತಿಲ್ಲ, ನಿಮ್ಮದನ್ನು ಇಳಿಸಿ ಎನ್ನುತ್ತಿದ್ದೀರಿ. ಆದರೆ ಒಂದೇ ಮನೆ ಸಾಲದು, ಐದಾರು ಹುಡುಕಿ. ಆ ಮನೆ ಜನವರಿ 1ಕ್ಕೆ ಪೂರ್ತಿ ಆಗಿತ್ತಾ ಎಂದೂ ನೋಡಿ. ಅರ್ಧ ಕಟ್ಟಿದ್ದರೆ ಬೆಲೆ ಕಡಿಮೆ ಇರುವುದು ಸಹಜ, ಅದು ನಿಮ್ಮ ವಾದಕ್ಕೆ ನಿಲ್ಲುವುದಿಲ್ಲ. ಮಾರುಕಟ್ಟೆ ಬೆಲೆಯ ಸಾಲನ್ನೇ ಹೋಲಿಸಿ, ಮಿತಿ ಹಾಕಿದ ಬೆಲೆಯನ್ನಲ್ಲ. ಛಾವಣಿಗೆ ಸೋಲಾರ್ ಹಾಕಿಸಿದ್ದೀರಾ? ಸೋಲಾರ್‌ನಿಂದ ಏರುವ ಬೆಲೆಗೆ ಟೆಕ್ಸಸ್‌ನಲ್ಲಿ ತೆರಿಗೆ ಇಲ್ಲ. ಅದಕ್ಕೆ ಬೇರೆ ಫಾರ್ಮ್, 50-123. ಹಾಕಿಸಿದ್ದರೆ ಅದನ್ನೂ ಏಪ್ರಿಲ್ ಮುಗಿಯುವ ಮೊದಲು ಕಳಿಸಿಬಿಡಿ.